ಜಾಲಪುಟದ ಶೀಘ್ರತೆ: ಕನ್ನಡ ವಿಕಿಪೀಡಿಯದ ನಿದರ್ಶನ

೧

ಮುದ್ರಿತ ಗ್ರಂಥವು ವಾಚಕರ ಕೈಸೇರುವುದಕ್ಕೆ ಮೊದಲೇ ಸಿದ್ಧವಾಗಿರುತ್ತದೆ. ಜಾಲತಾಣಗಳ ಪುಟಗಳಲ್ಲಿಯೂ ಕೆಲವು ಹೀಗೆಯೇ ಮುಂಚಿತವಾಗಿ ರಚಿತವಾಗಿದ್ದು, ಕೇಳಿದವರಿಗೆ ಇದ್ದಂತೆಯೇ ತಲಪುತ್ತವೆ, ಇವನ್ನು ಸಿದ್ಧಪುಟಗಳೆನ್ನೋಣ. ಆದರೆ ನಾವು ದಿನವೂ ನೋಡುವವುಗಳಲ್ಲಿ ಹೆಚ್ಚಿನವು ಈ ಜಾತಿಯವಲ್ಲ. ವಾಚಕನು ಕೇಳಿದ ಮೇಲೆಯೇ ಅವುಗಳ ಭಾಗಗಳನ್ನು ಹಲವು ಕಡೆಗಳಿಂದ ತಂದು, ಜೋಡಿಸಿ, ರೂಪುಗೊಳಿಸಿ ಕಳುಹಿಸಬೇಕಾಗುತ್ತದೆ. ಇಂಥವನ್ನು ಸದ್ಯೋರಚಿತ ಪುಟಗಳೆಂದು ಕರೆಯಬಹುದು. ರೈಲಿನ ಟಿಕೆಟ್ಟು, ಬ್ಯಾಂಕಿನ ಲೆಕ್ಕ, ಗ್ರಂಥಾಲಯದ ಸೂಚಿ, ವಿಶ್ವಕೋಶದ ಲೇಖನ ಇವೆಲ್ಲವೂ ಎರಡನೆಯ ವರ್ಗಕ್ಕೆ ಸೇರಿದವು. ಇಂಥ ಪುಟವು ಒಮ್ಮೆ ಕಣ್ಣೆವೆಯಿಕ್ಕುವಷ್ಟರಲ್ಲಿ ತೆರೆಯುತ್ತದೆ. ಇನ್ನೊಮ್ಮೆ ವಾಚಕನ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದೇ ಪ್ರಕೃತ ಲೇಖನದ ವಿಷಯ.

ಇದು ಯಂತ್ರಶಾಸ್ತ್ರಜ್ಞರ ವಿಚಾರ, ಸಾಹಿತ್ಯದ ಅಧ್ಯಾಪಕರಿಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಆದರೆ ಕನ್ನಡದ ಶಾಸನಗಳೂ ವಚನಗಳೂ ನಿಘಂಟುಗಳೂ ಒಂದೊಂದಾಗಿ ಜಾಲತಾಣಗಳಲ್ಲಿ ನೆಲೆಗೊಳ್ಳುತ್ತಿರುವ ಕಾಲವಿದು. ಪುಟದ ಶೀಘ್ರತೆಯು ವಾಚಕನ ಉಪಕರಣದ ಗುಣವೆಂದೂ ಅವನ ಮನೆಗೆ ಬರುವ ತಂತಿಯ ಗುಣವೆಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಇದು ಅರ್ಧಸತ್ಯ. ಒಂದು ಪುಟ ಎಷ್ಟು ಬೇಗ ದೊರೆಯುವುದೆಂಬುದು, ಅದೇ ಪುಟವನ್ನು ನಮಗಿಂತ ಮೊದಲು ಮತ್ತಾರಾದರೂ ಕೇಳಿದ್ದರೇ ಎಂಬ ಸಂಗತಿಯನ್ನು ಬಹಳಮಟ್ಟಿಗೆ ಅವಲಂಬಿಸಿದೆ. ಓದುಗರು ಕಡಮೆಯಾದ ಭಾಷೆಗೆ ಇದರ ಪರಿಣಾಮ ಸಣ್ಣದಲ್ಲ.

ನಿದರ್ಶನಕ್ಕಾಗಿ ಕನ್ನಡ ವಿಕಿಪೀಡಿಯವನ್ನು ಆರಿಸಿಕೊಂಡಿದ್ದೇವೆ. ೨೦೦೩ನೆಯ ಇಸವಿಯ ಜೂನ್ ತಿಂಗಳಲ್ಲಿ ಆರಂಭವಾದ ಈ ವಿಶ್ವಕೋಶದಲ್ಲಿ ಈಗ ಮೂವತ್ತು ಸಾವಿರಕ್ಕೆ ಮೇಲ್ಪಟ್ಟು ಲೇಖನಗಳಿವೆ. ಇದನ್ನು ನಡೆಯಿಸುವ ಮೀಡಿಯಾವಿಕಿ ಎಂಬ ತಂತ್ರಾಂಶದ ಮೂಲವೂ, ಯಂತ್ರಗಳ ವ್ಯವಸ್ಥೆಯ ವಿವರವೂ ಎಲ್ಲರ ಪರಿಶೀಲನೆಗೆ ತೆರೆದಿರುವುದರಿಂದ ಇದರ ಅಭ್ಯಾಸ ಸುಲಭ. ಬೇರೆ ತಾಣಗಳ ಒಳಗುಟ್ಟು ಹೀಗೆ ದೊರೆಯುವುದಿಲ್ಲ.

ಮೈಸೂರಿನ ಗೋಕುಲಂ ಬಡಾವಣೆಯು, ಕೆ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರದಿಂದ ೨೦೦೨ರಲ್ಲಿ ಅಲ್ಲಿಗೆ ಬಂದ ಬಳಿಕ, ಅಷ್ಟಾಂಗಯೋಗವನ್ನು ಕಲಿಯಬರುವ ವಿದೇಶೀಯರ ತಂಗುದಾಣವೆಂದು ಹೆಸರಾಗಿದೆ. ಅಲ್ಲಿಯ ಒಂದು ಮನೆಯ ಮಹಡಿಯಲ್ಲಿ ಅಂಥ ವಿದ್ಯಾರ್ಥಿನಿಯೊಬ್ಬಳೂ ಕೆಳಗೆ ಕನ್ನಡದ ಅಧ್ಯಾಪಕರೊಬ್ಬರೂ ವಾಸವಾಗಿರುವರೆಂದು ಊಹಿಸಿಕೊಳ್ಳೋಣ. ಇಬ್ಬರಿಗೂ ಒಂದೇ ಸಂಪರ್ಕ. ಇಬ್ಬರ ಉಪಕರಣವೂ ಒಂದೇ ಬಗೆಯದು. ಆಕೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಯೋಗವನ್ನು ಕುರಿತ ಲೇಖನವನ್ನು ತೆರೆಯುತ್ತಾಳೆ. ಇವರು ಕನ್ನಡ ವಿಕಿಪೀಡಿಯದಲ್ಲಿ ತಿಂಗಳಿಗೊಬ್ಬರು ಓದುವಂಥ ಶಾಸನಕವಿಯೊಬ್ಬನ ಲೇಖನವನ್ನು ತೆರೆಯುತ್ತಾರೆ. ಎರಡನ್ನೂ ನಡೆಯಿಸುವ ವಿಕಿಮೀಡಿಯ ಪ್ರತಿಷ್ಠಾನ ಒಂದೇ, ಯಂತ್ರಗಳು ಒಂದೇ, ತಂತ್ರಾಂಶ ಒಂದೇ. ಹಾಗಿದ್ದರೂ ಪುಟದ ಮೊದಲ ಸಾಲು ಮೊದಲು ಕಾಣಿಸಿಕೊಳ್ಳುವುದು ಮಹಡಿಯ ಮೇಲೆಯೇ ಎಂಬ ಸಂಭವ ಹೆಚ್ಚು. ಅವಳ ಲೇಖನ ಇವರದಕ್ಕಿಂತ ಎಷ್ಟೋ ಪಟ್ಟು ದೀರ್ಘವಾಗಿದ್ದರೂ ಸರಿಯೆ. ಇದು ಹೇಗಾಗುವುದೆಂಬುದನ್ನು ಕ್ರಮವಾಗಿ ನೋಡೋಣ.

೨

ಮೊದಲನೆಯದು ದೂರ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ೨,೦೦,೦೦೦ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಶೂನ್ಯದಲ್ಲಿ ಅದಕ್ಕಿರುವ ವೇಗದ ಮೂರರಲ್ಲಿ ಎರಡು ಪಾಲು ಮಾತ್ರ. ವಿಕಿಪೀಡಿಯದ ಪುಟಗಳನ್ನು ರಚಿಸುವ ಯಂತ್ರಗಳು ಅಮೆರಿಕದ ವರ್ಜೀನಿಯ ಮತ್ತು ಟೆಕ್ಸಾಸ್ ಸಂಸ್ಥಾನಗಳಲ್ಲಿವೆ. ಮೈಸೂರಿನಿಂದ ವರ್ಜೀನಿಯಕ್ಕೆ ಭೂಗೋಲದ ಮೇಲೆ ಅತಿ ಹತ್ತಿರದ ದಾರಿ ಸುಮಾರು ೧೩,೭೦೦ ಕಿಲೋಮೀಟರ್. ಹೋಗಿಬರುವುದಕ್ಕೆ ೧೩೭ ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಏಳನೆಯ ಒಂದು ಭಾಗದಷ್ಟು ಕಾಲ, ಬೇಕೇ ಬೇಕು. ಎಷ್ಟು ಹಣ ವೆಚ್ಚಮಾಡಿದರೂ ಇದನ್ನು ತಗ್ಗಿಸಲಾಗದು. ಸಮುದ್ರದಡಿಯ ಕೇಬಲ್ಲು ನೇರವಾಗಿ ಹೋಗುವುದಿಲ್ಲವಾದುದರಿಂದ ವಾಸ್ತವದಲ್ಲಿ ಕಾಲ ಇನ್ನೂ ಹೆಚ್ಚು.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಪುಟವನ್ನು ಕೇಳುವುದಕ್ಕೆ ಮುಂಚೆ ಎರಡು ಯಂತ್ರಗಳಿಗೂ ಪರಿಚಯವಾಗಬೇಕು, ಅದಕ್ಕೊಂದು ಸುತ್ತು. ನಡುವೆ ಯಾರೂ ಕದ್ದು ಓದದಂತೆ ಗುಪ್ತಲಿಪಿಯ ಒಡಂಬಡಿಕೆಯಾಗಬೇಕು, ಅದಕ್ಕೆ ಇನ್ನೊಂದು. ಆ ಮೇಲೆ ಕೇಳಿಕೆ ಹೋಗಿ ಉತ್ತರ ಬರುವುದಕ್ಕೆ ಮೂರನೆಯದು. ಮೂರು ಸುತ್ತಿಗೆ ೪೧೧ ಮಿಲಿಸೆಕೆಂಡು ಕಳೆದಾಗಲೂ ಯಂತ್ರವು ಪುಟವನ್ನು ರಚಿಸಲು ತೆಗೆದುಕೊಂಡ ಕಾಲವನ್ನು ನಾವಿನ್ನೂ ಎಣಿಸಿಯೇ ಇರುವುದಿಲ್ಲ.

ಈ ಕಾರಣದಿಂದ ವಿಕಿಮೀಡಿಯ ಪ್ರತಿಷ್ಠಾನವು ೨೦೧೮ರಲ್ಲಿ ಸಿಂಗಾಪುರದಲ್ಲಿ ಒಂದು ಮಧ್ಯಮ ನಿಲ್ದಾಣವನ್ನು ತೆರೆಯಿತು. ಅಲ್ಲಿ ಪುಟಗಳ ರಚನೆಯಾಗುವುದಿಲ್ಲ. ರಚಿತವಾದವುಗಳ ಪ್ರತಿಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುವುದಷ್ಟೇ ಅದರ ಕೆಲಸ. ಮೈಸೂರಿಗೂ ಸಿಂಗಾಪುರಕ್ಕೂ ಸುಮಾರು ೩,೨೦೦ ಕಿಲೋಮೀಟರ್. ಒಂದು ಸುತ್ತಿಗೆ ೩೨, ಮೂರಕ್ಕೆ ೯೬ ಮಿಲಿಸೆಕೆಂಡು. ಗೋಕುಲದ ಇಬ್ಬರಿಗೂ ಈ ಲಾಭ ಸಮವಾಗಿಯೇ ಇದೆ, ಕೇಳಿದ ಪುಟದ ಪ್ರತಿ ಸಿಂಗಾಪುರದಲ್ಲಿ ಇರುವ ಪಕ್ಷದಲ್ಲಿ. ಇಲ್ಲದ ಪಕ್ಷದಲ್ಲಿ ಏನಾಗುವುದೆಂಬುದಕ್ಕೆ ಮೊದಲು ಪುಟದ ರಚನೆಯೆಂದರೇನೆಂದು ತಿಳಿಯಬೇಕು.

೩

ವಿಕಿಪೀಡಿಯದ ಲೇಖನವು ನಾವು ಕಾಣುವ ರೂಪದಲ್ಲಿ ಭಂಡಾರದಲ್ಲಿ ಇರುವುದಿಲ್ಲ. ಅಲ್ಲಿರುವುದು ಸಂಕೇತಚಿಹ್ನೆಗಳಿಂದ ಕೂಡಿದ ಮೂಲಪಾಠ. ಯಂತ್ರವು ಇದನ್ನು ಓದಿ, ಶೀರ್ಷಿಕೆಗಳನ್ನೂ ಪಟ್ಟಿಗಳನ್ನೂ ಬಿಡಿಸಿ, ಲೇಖನದೊಳಗೆ ಬಂದಿರುವ ಪ್ರತಿಯೊಂದು ಕೊಂಡಿಯೂ ಇರುವ ಲೇಖನಕ್ಕೆ ಹೋಗುವುದೋ ಇನ್ನೂ ಬರೆಯದ ಲೇಖನಕ್ಕೆ ಹೋಗುವುದೋ ಎಂದು ಭಂಡಾರದಲ್ಲಿ ವಿಚಾರಿಸಿ, ಮೊದಲನೆಯದಕ್ಕೆ ನೀಲಿ, ಎರಡನೆಯದಕ್ಕೆ ಕೆಂಪು ಬಣ್ಣವನ್ನು ಕೊಡಬೇಕು. ಇದರ ಮೇಲೆ ಟೆಂಪ್ಲೇಟುಗಳು. ಕವಿಯ ಜನನ, ಕಾಲ, ಕೃತಿಗಳನ್ನು ಪಕ್ಕದ ಚೌಕದಲ್ಲಿ ತೋರಿಸುವ ಅಚ್ಚೂ, ಅಡಿಟಿಪ್ಪಣಿಯ ಅಚ್ಚೂ ಇವುಗಳಿಂದ ಆದವು. ಒಂದು ಟೆಂಪ್ಲೇಟು ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ವ್ಯಾಖ್ಯಾನಕ್ಕೆ ಟೀಕೆ, ಟೀಕೆಗೆ ಟಿಪ್ಪಣಿ ಬೆಳೆಯುವ ನಮ್ಮ ಶಾಸ್ತ್ರಗ್ರಂಥಗಳ ಪದ್ಧತಿಯೇ ಇದು. ಒಂದೇ ಪುಟಕ್ಕಾಗಿ ಭಂಡಾರವನ್ನು ನೂರಾರು ಸಲ ತಡಕಬೇಕಾಗುವುದೂ ಉಂಟು.

ಆದಕಾರಣ ತಡಕುವ ಬಗೆ ಮುಖ್ಯ. ಇದು ನಮ್ಮ ವಾಚಕರಿಗೆ ಚಿರಪರಿಚಿತವಾದ ಸಮಸ್ಯೆ. ಬಿ. ಎಲ್. ರೈಸರ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಶಾಸನಗಳನ್ನು ಜಿಲ್ಲೆ ತಾಲ್ಲೂಕುಗಳ ಕ್ರಮದಲ್ಲಿ ಜೋಡಿಸಿದೆ. ಮೈಸೂರು ಜಿಲ್ಲೆಯವು ೧೮೯೪ ಮತ್ತು ೧೮೯೮ರಲ್ಲಿ ಹೊರಬಂದ ಮೂರು ಹಾಗೂ ನಾಲ್ಕನೆಯ ಸಂಪುಟಗಳಲ್ಲಿವೆ. ತಾಲ್ಲೂಕಿನ ಹೆಸರೂ ಶಾಸನದ ಸಂಖ್ಯೆಯೂ ತಿಳಿದಿದ್ದರೆ ಬೇಕಾದುದು ಒಡನೆಯೇ ಸಿಕ್ಕುತ್ತದೆ. ಆದರೆ 'ನಿಸಿದಿ' ಎಂಬ ಶಬ್ದ ಯಾವ ಯಾವ ಶಾಸನಗಳಲ್ಲಿ ಬಂದಿದೆಯೆಂದು ತಿಳಿಯಬೇಕಾದರೆ ಆ ಕ್ರಮದಿಂದ ಯಾವ ಉಪಕಾರವೂ ಇಲ್ಲ. ಶಬ್ದಸೂಚಿ ಬೇಕು, ಇಲ್ಲವೇ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕು. ಗಣಕಯಂತ್ರದ ಭಂಡಾರವೂ ಹೀಗೆಯೇ. ಯಾವ ದೃಷ್ಟಿಯಿಂದ ಹುಡುಕುವೆವೋ ಆ ದೃಷ್ಟಿಯ ಸೂಚಿಯು ಮೊದಲೇ ಸಿದ್ಧವಾಗಿರಬೇಕು. ಮೂವತ್ತು ಸಾವಿರ ಶೀರ್ಷಿಕೆಗಳು ಅಕಾರಾದಿಯಲ್ಲಿದ್ದರೆ, ನಡುವಣದನ್ನು ನೋಡಿ ಅರ್ಧವನ್ನು ತಳ್ಳಿಹಾಕುತ್ತ ಹೋದಲ್ಲಿ ಹದಿನೈದು ನೋಟಗಳಲ್ಲಿ ಬೇಕಾದ ಶೀರ್ಷಿಕೆ ಸಿಕ್ಕುವುದು. ಸೂಚಿಯಿಲ್ಲದಿದ್ದರೆ ಸರಾಸರಿ ಹದಿನೈದು ಸಾವಿರ ನೋಟಗಳು ಬೇಕು. ಯಂತ್ರವನ್ನು ಎರಡರಷ್ಟು ಶಕ್ತವಾದದ್ದನ್ನು ತಂದರೆ ಎರಡರಷ್ಟು ಬೇಗವಾಗುವುದು. ಸೂಚಿಯನ್ನು ಕಟ್ಟಿದರೆ ಸಾವಿರದಷ್ಟು. ಕನ್ನಡದ ಎಷ್ಟೋ ತಾಣಗಳು ನಿಧಾನವಾಗಿರುವುದಕ್ಕೆ ಬಡ ಯಂತ್ರಗಳು ಕಾರಣವೆಂದು ಹೇಳುವವರು ಈ ಲೆಕ್ಕವನ್ನು ಗಮನಿಸಬೇಕು.

ಅಕಾರಾದಿಯು ಎಲ್ಲ ಹುಡುಕಾಟಕ್ಕೂ ಸಾಲದೆಂಬುದನ್ನು ಪ್ರಾಸವನ್ನು ಹುಡುಕಿದವರು ಬಲ್ಲರು. ಕನ್ನಡದ ಆದಿಪ್ರಾಸವು ಎರಡನೆಯ ಅಕ್ಷರದ ಮೇಲೆ ನಿಂತದ್ದು. ಮೊದಲ ಅಕ್ಷರದ ಕ್ರಮದಲ್ಲಿರುವ ನಿಘಂಟಿನಿಂದ 'ತ್ತ' ಎಂಬುದು ಎರಡನೆಯದಾಗಿರುವ ಶಬ್ದಗಳನ್ನೆಲ್ಲ ಹೆಕ್ಕಬೇಕಾದರೆ ನಿಘಂಟನ್ನು ಪೂರ್ತಿಯಾಗಿ ತಿರುವಿಹಾಕಬೇಕು. ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟ ವಚನಗಳಲ್ಲಿ ಬೇಕಾದ ಪದವನ್ನು ಹುಡುಕಿಕೊಡುವ 'ವಚನ ಸಂಚಯ'ದಂಥ ತಾಣಗಳಿಗೆ ಈ ಕಷ್ಟ ನಿತ್ಯದ್ದು. ಯಾರು ಯಾವ ಪದವನ್ನು ಕೇಳುವರೆಂದು ಮೊದಲೇ ತಿಳಿಯದಾದುದರಿಂದ ಉತ್ತರದ ಪುಟಗಳನ್ನು ಸಿದ್ಧಪಡಿಸಿಡುವಂತಿಲ್ಲ. 'ಲಿಂಗ' ಎಂದು ಕೇಳಿದವರಿಗೆ 'ಲಿಂಗವನು', 'ಲಿಂಗದಲ್ಲಿ' ಎಂಬವೂ ಬೇಕು. ಅಕಾರಾದಿಯಲ್ಲಿ ಇವು ಒಟ್ಟಿಗೇ ನಿಲ್ಲುವುದರಿಂದ ತೊಂದರೆಯಿಲ್ಲ. ಆದರೆ 'ಪ್ರಾಣಲಿಂಗ', 'ಇಷ್ಟಲಿಂಗ' ಎಂಬ ಸಮಾಸಗಳು ಬೇರೆ ಬೇರೆ ಎಡೆಗಳಲ್ಲಿ ಚದರಿಹೋಗುತ್ತವೆ. ಇವಕ್ಕಾಗಿ ಪದದ ಒಡಲನ್ನೇ ತುಂಡುತುಂಡಾಗಿ ಬಿಡಿಸಿ ಬೇರೊಂದು ಸೂಚಿಯನ್ನು ಕಟ್ಟಬೇಕಾಗುವುದು. ಸಂಧಿಯೂ ವಿಭಕ್ತಿಯೂ ಬಲ್ಲ ವೈಯಾಕರಣರ ನೆರವಿಲ್ಲದೆ ತಂತ್ರಜ್ಞರು ಈ ಕೆಲಸವನ್ನು ಸರಿಯಾಗಿ ಮಾಡಲಾರರೆಂದು ನಮ್ಮ ಅಭಿಪ್ರಾಯ.

ಸೂಚಿಗೂ ಬೆಲೆಯುಂಟು. ಭಂಡಾರಕ್ಕೆ ಒಂದು ಲೇಖನ ಸೇರಿದಾಗಲೆಲ್ಲ ಎಲ್ಲ ಸೂಚಿಗಳನ್ನೂ ತಿದ್ದಬೇಕು. ಹೆಚ್ಚಾದಷ್ಟೂ ಓದುವುದು ಶೀಘ್ರವಾಗಿ ಬರೆಯುವುದು ಮಂದವಾಗುತ್ತದೆ.

೪

ರಚನೆಯು ಇಷ್ಟು ಶ್ರಮದ್ದಾದುದರಿಂದ, ಒಮ್ಮೆ ರಚಿಸಿದ್ದನ್ನು ಎಸೆಯದೆ ಇಟ್ಟುಕೊಳ್ಳುವುದು ವಿವೇಕ. ಹೀಗೆ ಇಟ್ಟುಕೊಂಡ ಪ್ರತಿಗಳ ಸಂಗ್ರಹಕ್ಕೆ ತಂತ್ರಜ್ಞರು ಕ್ಯಾಶ್ ಎನ್ನುತ್ತಾರೆ. ಉಚ್ಚಾರಣೆ ಒಂದೇ ಆದರೂ ನಗದು ಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಬಚ್ಚಿಡುವುದೆಂಬ ಅರ್ಥದ ಫ್ರೆಂಚ್ ಧಾತುವಿನಿಂದ ಬಂದ ಶಬ್ದ. ವಿಕಿಪೀಡಿಯದಲ್ಲಿ ಇಂಥ ಸಂಗ್ರಹಗಳು ಹಲವು ಅಂತಸ್ತುಗಳಲ್ಲಿವೆ. ಬಿಡಿಸಿದ ಮೂಲಪಾಠದ ಪ್ರತಿ ರಚನೆಯ ಯಂತ್ರಗಳ ಬಳಿಯಲ್ಲಿ ಒಂದು. ಪೂರ್ಣವಾದ ಪುಟದ ಪ್ರತಿ ಸಿಂಗಾಪುರದಂಥ ನಿಲ್ದಾಣಗಳಲ್ಲಿ ಇನ್ನೊಂದು. ಎಲ್ಲ ಪುಟಗಳಿಗೂ ಸಾಮಾನ್ಯವಾದ ಅಲಂಕಾರದ ಕಡತಗಳು ವಾಚಕನ ಬ್ರೌಸರಿನಲ್ಲಿಯೇ ಮತ್ತೊಂದು. ಹೊರಗಿನ ಅಂತಸ್ತಿನಲ್ಲಿ ಸಿಕ್ಕಿದರೆ ಒಳಗಿನದರ ಬಾಗಿಲನ್ನು ತಟ್ಟಬೇಕಾಗಿಲ್ಲ.

ಗ್ರಂಥಸಂಪಾದಕರು ಇಲ್ಲಿ ಕೂಡಲೇ ಒಂದು ಸಂದೇಹವನ್ನು ಎತ್ತುವರು. ಓಲೆಯ ಪ್ರತಿ ಮಾಡಿದ ಮೇಲೆ ಮೂಲವನ್ನು ತಿದ್ದಿದರೆ, ಪ್ರತಿಯನ್ನು ಓದುವವನಿಗೆ ಹಳೆಯ ಪಾಠವೇ ಸಿಕ್ಕುವುದಲ್ಲವೆ? ನಿಜ, ಈ ಕಲೆಯಲ್ಲಿ ಅತ್ಯಂತ ಕಠಿಣವಾದ ಭಾಗವೇ ಇದು. ಲೇಖನವೊಂದನ್ನು ಯಾರಾದರೂ ತಿದ್ದಿದೊಡನೆ, ಅದರ ಹಳೆಯ ಪ್ರತಿಯನ್ನು ಅಳಿಸಿರೆಂದು ಎಲ್ಲ ನಿಲ್ದಾಣಗಳಿಗೂ ಆಜ್ಞೆ ಹೋಗುತ್ತದೆ. ಆದರೆ ತಿದ್ದುಪಡಿಯಾದದ್ದು ಸಾವಿರ ಲೇಖನಗಳಲ್ಲಿ ಬಳಕೆಯಾದ ಟೆಂಪ್ಲೇಟಾಗಿದ್ದರೆ ಸಾವಿರ ಪ್ರತಿಗಳೂ ಹಳತಾದಂತೆಯೇ. ಇವನ್ನೆಲ್ಲ ಒಮ್ಮೆಗೇ ಪುನಾರಚಿಸಲು ಹೊರಟರೆ ಯಂತ್ರಗಳು ಕುಸಿಯುತ್ತವೆ. ಆದುದರಿಂದ ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸಿ ಒಂದೊಂದಾಗಿ ಮುಗಿಸಲಾಗುತ್ತದೆ. ಸಾಲು ಕರಗುವವರೆಗೆ ಕೆಲವು ಪುಟಗಳಲ್ಲಿ ಹಳೆಯದು, ಕೆಲವರಲ್ಲಿ ಹೊಸದು. ಶೀಘ್ರತೆಗಾಗಿ ತೆತ್ತ ಬೆಲೆಯಿದು. ಬ್ಯಾಂಕಿನ ಲೆಕ್ಕದಲ್ಲಿ ಇದು ಸಲ್ಲದು, ವಿಶ್ವಕೋಶದಲ್ಲಿ ಸಲ್ಲುತ್ತದೆ.

ಪ್ರತಿಯನ್ನು ಅಳಿಸಿದ ಕ್ಷಣವೇ ಅಪಾಯದ ಕ್ಷಣ. ೨೦೦೯ನೆಯ ಇಸವಿ ಜೂನ್ ೨೫ರಂದು ಅಮೆರಿಕದ ಗಾಯಕ ಮೈಕೆಲ್ ಜ್ಯಾಕ್ಸನ್ ತೀರಿಕೊಂಡಾಗ ಇದು ಲೋಕಕ್ಕೆ ಗೊತ್ತಾಯಿತು. ಜಗತ್ತಿನ ಎಲ್ಲ ಕಡೆಯಿಂದ ಜನರು ಅವನ ಲೇಖನವನ್ನು ಕೇಳುತ್ತಿದ್ದರು. ಅದೇ ಹೊತ್ತಿಗೆ ಬರೆಯುವವರು ಅದನ್ನು ಮತ್ತೆ ಮತ್ತೆ ತಿದ್ದುತ್ತಿದ್ದುದರಿಂದ ಪ್ರತಿಯು ಮತ್ತೆ ಮತ್ತೆ ಅಳಿಯುತ್ತಿತ್ತು. ದೀರ್ಘವಾದ ಆ ಲೇಖನದ ರಚನೆಗೆ ಹಲವು ಸೆಕೆಂಡುಗಳು ಬೇಕಾಗಿದ್ದವು. ಪ್ರತಿ ಇಲ್ಲವೆಂದು ಕಂಡ ಪ್ರತಿಯೊಂದು ಯಂತ್ರವೂ, ಪಕ್ಕದ್ದು ಅದೇ ಕೆಲಸದಲ್ಲಿ ತೊಡಗಿರುವುದನ್ನು ಅರಿಯದೆ, ತಾನೂ ರಚಿಸತೊಡಗಿತು. ಫಲವಾಗಿ ಆ ಒಂದು ಲೇಖನದ ದೆಸೆಯಿಂದ ವಿಕಿಪೀಡಿಯವೇ ಕೆಲಕಾಲ ಮುಗ್ಗರಿಸಿತು. ಅನಂತರ ಮಾಡಿದ ಏರ್ಪಾಡು ಸರಳವಾದದ್ದು: ಒಂದು ಪುಟವನ್ನು ಏಕಕಾಲದಲ್ಲಿ ಒಂದೇ ಕೈ ರಚಿಸಬೇಕು, ಉಳಿದವು ಕಾಯಬೇಕು, ಇಲ್ಲವೇ ತುಸು ಹಳೆಯದಾದ ಪ್ರತಿಯನ್ನೇ ಕೊಟ್ಟು ಕಳುಹಿಸಬೇಕು.

೫

ಈಗ ಗೋಕುಲದ ಮನೆಗೆ ಬರೋಣ. ಮಹಡಿಯ ವಿದ್ಯಾರ್ಥಿನಿ ಕೇಳಿದ ಯೋಗದ ಲೇಖನವನ್ನು ಏಷ್ಯಾಖಂಡದಲ್ಲಿ ಮತ್ತಾರೋ ಸ್ವಲ್ಪ ಹೊತ್ತಿನ ಹಿಂದೆ ಕೇಳಿರುತ್ತಾರೆ. ಸಿಂಗಾಪುರದಲ್ಲಿ ಅದರ ಪ್ರತಿ ಸಿದ್ಧವಾಗಿದೆ. ಅಧ್ಯಾಪಕರು ಕೇಳಿದ ಶಾಸನಕವಿಯನ್ನು ಈ ತಿಂಗಳು ಬೇರೆ ಯಾರೂ ವಿಚಾರಿಸಿಲ್ಲ. ಸಂಗ್ರಹದಲ್ಲಿ ಸ್ಥಳ ಮಿತವಾದುದರಿಂದ ಬಹುಕಾಲ ಕೇಳದ ಪ್ರತಿಗಳನ್ನು ತೆಗೆದು ಹೊಸವಕ್ಕೆ ಎಡೆಮಾಡಿಕೊಡುವುದು ಅಲ್ಲಿಯ ನಿಯಮ. ಆದುದರಿಂದ ಇವರ ಕೇಳಿಕೆಯು ಸಿಂಗಾಪುರದಲ್ಲಿ ನಿಲ್ಲದೆ ಅಮೆರಿಕಕ್ಕೆ ಹೋಗಬೇಕು. ಸಿಂಗಾಪುರದಿಂದ ಟೆಕ್ಸಾಸಿನ ಯಂತ್ರಗಳಿಗೆ ಸುಮಾರು ೧೫,೬೦೦ ಕಿಲೋಮೀಟರ್. ನಿಲ್ದಾಣಗಳ ನಡುವೆ ಸಂಪರ್ಕವು ಸದಾ ತೆರೆದಿರುವುದರಿಂದ ಇಲ್ಲಿ ಒಂದೇ ಸುತ್ತು ಸಾಕು. ಆದರೂ ೧೫೬ ಮಿಲಿಸೆಕೆಂಡು ಕೂಡಿತು. ಅಲ್ಲಿಯೂ ಬಿಡಿಸಿದ ಪ್ರತಿ ಇಲ್ಲದಿದ್ದರೆ ರಚನೆಯ ಕಾಲವೂ ಅದರ ಮೇಲೆ. ಮರುಕ್ಷಣ ಅವರ ತರಗತಿಯ ನಲವತ್ತು ಮಂದಿ ಅದೇ ಪುಟವನ್ನು ತೆರೆದರೆ ಅವರಿಗೆಲ್ಲ ಸಿಂಗಾಪುರದಿಂದಲೇ ದೊರೆಯುವುದು. ಮೊದಲ ವಾಚಕನು ಎಲ್ಲರ ಪರವಾಗಿ ಸುಂಕ ತೆತ್ತಂತಾಯಿತು.

ಬಹುಜನರು ಓದುವ ಭಾಷೆಯಲ್ಲಿ ಮೊದಲ ವಾಚಕನಾಗುವ ಸರದಿ ಒಬ್ಬನಿಗೆ ಬರುವುದೇ ವಿರಳ. ಕನ್ನಡದಲ್ಲಿ, ಅದರಲ್ಲಿಯೂ ಹಳಗನ್ನಡ, ಶಾಸನ, ಛಂದಸ್ಸುಗಳಂಥ ವಿಷಯಗಳಲ್ಲಿ, ನಾವು ಬಹುಮಟ್ಟಿಗೆ ಮೊದಲ ವಾಚಕರೇ. ಬರೆಯುವವರ ಪಾಡು ಇನ್ನೂ ಬೇರೆ. ತನ್ನ ಹೆಸರಿನಿಂದ ಒಳಹೊಕ್ಕವನಿಗೆ ಪುಟದಲ್ಲಿ ಅವನದೇ ಹೆಸರು, ಅವನಿಗೆ ಬಂದ ಸಂದೇಶಗಳು ಕಾಣಬೇಕಾದುದರಿಂದ ಸಿಂಗಾಪುರದಲ್ಲಿರುವ ಸಾಮಾನ್ಯ ಪ್ರತಿಯು ಅವನಿಗೆ ಸಲ್ಲದು. ಪ್ರತಿಸಲವೂ ಅಮೆರಿಕದ ಬಾಗಿಲನ್ನೇ ತಟ್ಟಬೇಕು. ಒಳಗಿನ ಅಂತಸ್ತಿನ ಪ್ರತಿಯಿಂದ ಮಾತ್ರ ಅವನಿಗೆ ಸ್ವಲ್ಪ ಸಹಾಯ. ಓದುಗರು ಬಹುಸಂಖ್ಯರೂ ಬರೆಯುವವರು ಅಲ್ಪಸಂಖ್ಯರೂ ಆಗಿರುವುದರಿಂದ ಈ ವ್ಯವಸ್ಥೆ ನ್ಯಾಯವೇ ಸರಿ. ಆದರೆ ಬರೆಯುವ ಕೆಲವರ ಉತ್ಸಾಹದ ಮೇಲೆಯೇ ನಿಂತಿರುವ ಚಿಕ್ಕ ವಿಕಿಪೀಡಿಯಗಳಿಗೆ ಅದು ತಟ್ಟುತ್ತದೆ.

ಹೀಗಿರುವಲ್ಲಿ, ಕ್ಯಾಶಿನ ನೆರವು ಕಡಮೆಯಾದ ಪುಟಗಳಿಗೆ ರಚನೆಯ ಶ್ರಮವನ್ನೇ ಕುಗ್ಗಿಸುವುದು ಉಳಿದ ಮಾರ್ಗ. ಟೆಂಪ್ಲೇಟುಗಳನ್ನು ಲುವಾ ಎಂಬ ಭಾಷೆಯಲ್ಲಿ ಬರೆಯಲು ೨೦೧೩ರಲ್ಲಿ ಅವಕಾಶವಾದದ್ದರಿಂದ ಅಡಿಟಿಪ್ಪಣಿಗಳು ತುಂಬಿದ ಲೇಖನಗಳ ರಚನೆ ಬಹಳ ಹಗುರವಾಯಿತು. ಮೀಡಿಯಾವಿಕಿಯು ಬರೆಯಲ್ಪಟ್ಟಿರುವ ಪಿಎಚ್‌ಪಿ ಭಾಷೆಯನ್ನು ನಡೆಯಿಸುವ ಯಂತ್ರಭಾಗವನ್ನು ೨೦೧೪ರಲ್ಲಿ ಬದಲಾಯಿಸಿ, ೨೦೧೯ರಲ್ಲಿ ಸುಧಾರಿಸಿದ ಪಿಎಚ್‌ಪಿಯನ್ನೇ ಮರಳಿ ತಂದರು. ಎರಡರಿಂದಲೂ ಬರೆಯುವವರಿಗೆ ಪ್ರಯೋಜನವಾಯಿತು. ಇವೆಲ್ಲ ದೂರದವರು ಮಾಡಿದ ಉಪಕಾರ. ನಮ್ಮ ಕೈಯಲ್ಲಿರುವುದೂ ಒಂದುಂಟು. ಇಂಗ್ಲಿಷಿನ ದೊಡ್ಡ ಟೆಂಪ್ಲೇಟುಗಳನ್ನು ಅವುಗಳ ಪರಿವಾರಸಮೇತವಾಗಿ ಕನ್ನಡಕ್ಕೆ ತಂದಿಡುವುದು ರೂಢಿಯಾಗಿದೆ. ನಲವತ್ತು ವಿವರಗಳಿಗೆ ಎಡೆಯಿರುವ ಚೌಕದಲ್ಲಿ ನಾವು ತುಂಬುವುದು ಕವಿಯ ಹೆಸರು, ಕಾಲ, ಕೃತಿ ಈ ಮೂರೇ. ಮೂರಕ್ಕೆ ತಕ್ಕ ಚೌಕವನ್ನು ನಾವೇ ಕಟ್ಟಿಕೊಂಡರೆ ಸಾಕಲ್ಲವೆ?

೬

ರಚಿತವಾದ ಪುಟವು ಕೊನೆಗೆ ಅಕ್ಷರಗಳಾಗಿ ಬರಬೇಕು. ಇಲ್ಲಿಯೂ ಕನ್ನಡದ್ದೇ ಒಂದು ವಿಶೇಷವಿದೆ. ಯೂನಿಕೋಡಿನ ಪ್ರಚಲಿತ ಬರೆಹಕ್ರಮದಲ್ಲಿ ರೋಮನ್ ಅಕ್ಷರವೊಂದಕ್ಕೆ ಒಂದು ಬೈಟು, ಕನ್ನಡದ ಪ್ರತಿಯೊಂದು ವ್ಯಂಜನಕ್ಕೂ ಸ್ವರಚಿಹ್ನೆಗೂ ಮೂರು ಬೈಟು. ರೋಮನ್ ಲಿಪಿಯಲ್ಲಿ ಗೋಕುಲಂ ಎಂದು ಬರೆದರೆ ಏಳು ಬೈಟು. ಕನ್ನಡದಲ್ಲಿ ಗ, ಓತ್ವ, ಕ, ಉತ್ವ, ಲ, ಅನುಸ್ವಾರ ಎಂಬ ಆರು ಚಿಹ್ನೆಗಳಿಗೆ ಹದಿನೆಂಟು. ಜಾಲದ ವಿಳಾಸದಲ್ಲಿ ಅದೇ ಹೆಸರು ೫೪ ಸಂಕೇತಗಳಿಗೆ ಹಿಗ್ಗುತ್ತದೆ. ಇದರಿಂದ ಕನ್ನಡದ ಪುಟ ಭಾರವೆಂದು ದೂರುವುದುಂಟು. ಆದರೆ ಆ ಮೂರು ಬೈಟುಗಳಲ್ಲಿ ಮೊದಲನೆಯದು ಎಲ್ಲ ಕನ್ನಡ ಅಕ್ಷರಗಳಿಗೂ ಒಂದೇ, ಎರಡನೆಯದು ಎರಡರಲ್ಲೊಂದು. ಪುನರುಕ್ತಿಯನ್ನು ತೆಗೆದು ಸಂಕ್ಷೇಪಿಸಿ ಕಳುಹಿಸುವ ವಿಧಾನಕ್ಕೆ ಇದಕ್ಕಿಂತ ಹಿತವಾದ ಆಹಾರ ಬೇರೆಯಿಲ್ಲ. ಸಂಕ್ಷೇಪಿಸಿದ ಮೇಲೆ ಅಂತರವು ಬಹಳ ಮಟ್ಟಿಗೆ ಕರಗುವುದು. ಸಂಕ್ಷೇಪವನ್ನು ಏರ್ಪಡಿಸದ ಕನ್ನಡ ತಾಣವು ಇಂಗ್ಲಿಷ್ ತಾಣಕ್ಕಿಂತ ಹೆಚ್ಚು ನಷ್ಟಪಡುತ್ತದೆಂಬುದು ಇದರ ಇನ್ನೊಂದು ಮುಖ. ಸಾಮಾನ್ಯವಾಗಿ ಮೊದಲ ಸುತ್ತಿನಲ್ಲಿ ಬರುವುದು ಸುಮಾರು ೧೪,೦೦೦ ಬೈಟು ಮಾತ್ರ. ಅದರೊಳಗೆ ಲೇಖನದ ಆರಂಭ ಅಡಗಿದ್ದರೆ ವಾಚಕನು ಓದತೊಡಗಬಹುದು.

ನಿಜವಾದ ಭಾರ ಅಕ್ಷರರೂಪಗಳದು, ಎಂದರೆ ಫಾಂಟುಗಳದು. ಒತ್ತಕ್ಷರಗಳ ದೆಸೆಯಿಂದ ಕನ್ನಡದ ಫಾಂಟಿನಲ್ಲಿ ನೂರಾರು ಆಕೃತಿಗಳು ಬೇಕು. ಉಪಕರಣಗಳಲ್ಲಿ ಕನ್ನಡದ ಫಾಂಟು ಇಲ್ಲದ ಕಾಲದಲ್ಲಿ, ಬರಿಯ ಚೌಕಗಳನ್ನು ಕಾಣುತ್ತಿದ್ದ ವಾಚಕರಿಗಾಗಿ ಭಾರತೀಯ ಭಾಷೆಗಳ ವಿಕಿಪೀಡಿಯಗಳು ಪುಟದೊಡನೆ ಫಾಂಟನ್ನೂ ಕಳುಹಿಸತೊಡಗಿದ್ದವು. ಈ ಕೆಲಸವನ್ನೂ ಕೀಲಿಮಣೆಯ ಕೆಲಸವನ್ನೂ ವಹಿಸಿಕೊಂಡಿದ್ದ ಭಾಷಾಸಾಧನವನ್ನು, ಶೀಘ್ರತೆಗೆ ಅಡ್ಡಿಯಾಗುತ್ತದೆಂಬ ಕಾರಣದಿಂದ, ೨೦೧೪ರ ಜನವರಿಯಲ್ಲಿ ಕೆಲಕಾಲ ನಿಲ್ಲಿಸಲಾಯಿತು. ಅನಂತರ ಅದು ಮರಳಿತಾದರೂ, ಬಹುಪಾಲು ವಿಕಿಗಳಲ್ಲಿ ಫಾಂಟು ವಾಚಕನು ಕೇಳಿದಾಗ ಮಾತ್ರ ಬರುವಂತಾಯಿತು. ಶೀಘ್ರತೆಯೂ ಸೌಲಭ್ಯವೂ ಹೀಗೆ ಎದುರುಬದುರು ನಿಂತಾಗ ಚಿಕ್ಕ ಭಾಷೆಗಳ ಸೌಲಭ್ಯ ಮೊದಲು ಹೋಗುವುದೆಂಬುದನ್ನು ಗಮನಿಸತಕ್ಕದ್ದು. ಈಗಿನ ದೂರವಾಣಿಗಳಲ್ಲಿಯೂ ಗಣಕಗಳಲ್ಲಿಯೂ ಕನ್ನಡದ ಫಾಂಟು ಇದ್ದೇ ಇರುವುದರಿಂದ ಹೊಸಗನ್ನಡದ ಪುಟದೊಡನೆ ಅದನ್ನು ಕಳುಹಿಸುವುದು ವ್ಯರ್ಥಭಾರ.

ಹಳಗನ್ನಡದ ಪಾಠಗಳನ್ನು ಪ್ರಕಟಿಸುವ ತಾಣಗಳಿಗೆ ಮಾತ್ರ ಈ ಮಾತು ಪೂರ್ತಿಯಾಗಿ ಅನ್ವಯಿಸದು. ಱ, ೞ ಎರಡೂ ಯೂನಿಕೋಡಿನಲ್ಲಿದ್ದರೂ ಎಲ್ಲ ಫಾಂಟುಗಳಲ್ಲಿಯೂ ಅಂದವಾಗಿ ಮೂಡುವುದಿಲ್ಲ. ಪೂರ್ಣ ಫಾಂಟನ್ನು ಕಳುಹಿಸುವುದರ ಬದಲು ಬೇಕಾದ ಆಕೃತಿಗಳನ್ನಷ್ಟೇ ಕತ್ತರಿಸಿ ಚಿಕ್ಕ ಕಡತವನ್ನು ಮಾಡಿ ಕಳುಹಿಸಬಹುದು. ಆದರೆ ಈ ಎರಡು ಅಕ್ಷರಗಳನ್ನು ಮಾತ್ರ ಕತ್ತರಿಸಿಕೊಂಡರೆ 'ಪೇೞ್ದಂ' ಎಂಬಲ್ಲಿ ೞಕಾರ ಒಂದು ಫಾಂಟಿನಿಂದಲೂ ಅದರ ದಕಾರದ ಒತ್ತು ಇನ್ನೊಂದರಿಂದಲೂ ಬರಬೇಕಾಗಿ ಅಕ್ಷರವು ಒಡೆದುಹೋಗುವುದು. ಆದಕಾರಣ ಇವುಗಳೊಡನೆ ಕೂಡುವ ಎಲ್ಲ ವ್ಯಂಜನಗಳ ಒತ್ತುಗಳನ್ನೂ ಸ್ವರಚಿಹ್ನೆಗಳನ್ನೂ ಅದೇ ಕಡತದಲ್ಲಿ ಸೇರಿಸಿಕೊಳ್ಳಬೇಕು.